ಲ್ಯೂ ಬುವಿನ ಸೇನಾನಿ ಗಾವ್ ಶುನ್: ಜೀವ ಉಳಿಸಿದವನ ಕೈಯಿಂದಲೇ ದಂಡು ಕಿತ್ತುಕೊಂಡದ್ದೇಕೆ?

ಬೆಟ್ಟದ ಹುಲ್ಲು:

ಚೀನಾದ ಮೂರು ರಾಜ್ಯಗಳ ಕಾಲ ಅಂದ ಕೂಡಲೇ ಇಲ್ಲಿ ಮಾತು ಉತ್ತರದ ಪಾಳೇಗಾರ ತ್ಸಾವ್ ತ್ಸಾವ್, ಅವನ ಎದುರಾಳಿ ಲಿಯು ಬೆಯ್, ಲಿಯು ಬೆಯ್ ಕಡೆಯ ಸೇನಾನಿ ಗುವಾನ್ ಯು ಇವರ ಸುತ್ತಲೇ ಗಿರಕಿ ಹೊಡೆಯುತ್ತೆ. ಇವತ್ತು ಒಬ್ಬ ಸಣ್ಣ ಸೇನಾನಿಯ ವಿಷಯ ಎತ್ತುತ್ತೇನೆ. ಹೆಸರು ಗಾವ್ ಶುನ್. ಲ್ಯೂ ಬು ಅನ್ನೋ ಪಾಳೇಗಾರನ ಕೈಕೆಳಗೆ ಇದ್ದವನು.

ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ. 184ರಲ್ಲಿ ಹಳದಿ ರುಮಾಲಿನವರ ದಂಗೆ ಎದ್ದಾಗಿನಿಂದ ಹಾನ್ ಸಾಮ್ರಾಜ್ಯ ಒಳಗೊಳಗೇ ಕುಸಿಯುತ್ತಿತ್ತು. 189ರಲ್ಲಿ ದೋಂಗ್ ಝುವೋ ರಾಜಧಾನಿಗೆ ನುಗ್ಗಿ, ಇದ್ದ ಚಕ್ರವರ್ತಿಯನ್ನು ಇಳಿಸಿ, ಎಳೆಯ ಹುಡುಗನೊಬ್ಬನನ್ನು ಪಟ್ಟಕ್ಕೆ ಕೂರಿಸಿದ. ಅವನ ಮೈಗಾವಲಿಗಿದ್ದ ಲ್ಯೂ ಬು 192ರಲ್ಲಿ ಅವನನ್ನೇ ಮುಗಿಸಿದ. ಅದಕ್ಕೆ ಮೊದಲು ತನ್ನ ಹಿಂದಿನ ಒಡೆಯ ದಿಂಗ್ ಯುವಾನ್‌ನನ್ನೂ ಕೊಂದಿದ್ದ. ಆಮೇಲೆ ಊರೂರು ಅಲೆದು, ಕೊನೆಗೆ ಆಶ್ರಯ ಕೊಟ್ಟ ಲಿಯು ಬೆಯ್‌ನಿಂದಲೇ 196ರಲ್ಲಿ ಶಿಯಾಪಿ ಕೋಟೆ ಕಸಿದುಕೊಂಡ. ಈಗಿನ ಜಿಯಾಂಗ್ಸು ಪ್ರಾಂತದ ಉತ್ತರ ಭಾಗ ಅದು.

ಅದೇ ವರ್ಷ ಒಂದು ರಾತ್ರಿ ಲ್ಯೂ ಬುವಿನ ಮೇಲೆ ಅವನ ಕಡೆಯವನೇ ತಿರುಗಿಬಿದ್ದ. ಕಾಪಾಡಿದವನು ಗಾವ್ ಶುನ್. ಸರಿ, ಬಹುಮಾನ? ಆ ಘಟನೆ ಆದ ಮೇಲೆ ಲ್ಯೂ ಬು ಅವನನ್ನು ಇನ್ನೂ ದೂರ ಇಟ್ಟ, ಅವನ ಸೈನಿಕರನ್ನೆಲ್ಲ ಕಿತ್ತು ನೆಂಟನಾದ ವೆಯ್ ಶುಗೆ ಕೊಟ್ಟ. ಯುದ್ಧ ಬಂದಾಗ ಮಾತ್ರ ಅದೇ ಸೈನಿಕರನ್ನು ಮುನ್ನಡೆಸಲು ಗಾವ್ ಶುನ್‌ನನ್ನೇ ಕಳಿಸುತ್ತಿದ್ದ. ಇವನೂ ತುಟಿಪಿಟಕ್ ಅನ್ನದೆ ಹೋಗುತ್ತಿದ್ದ.

ನನಗೆ ಇದು ತಲೆಗೆ ಹತ್ತುತ್ತಿಲ್ಲ. ಲ್ಯೂ ಬು ಮೂರ್ಖ ಅಂದುಬಿಟ್ಟರೆ ಮುಗಿಯಿತು, ಆದರೆ ಮೂರ್ಖನಾಗಿದ್ದರೆ ಆ ಕಾಡಿನಲ್ಲಿ ಅಷ್ಟು ವರ್ಷ ಬದುಕುತ್ತಿದ್ದನಾ?

ತಾಳೆಗರಿ:

ಒಳ್ಳೆ ವಿಷಯ ಎತ್ತಿದಿರಿ. ಮೊದಲು ಆಧಾರ ಏನು ಅಂತ ಹೇಳಿಬಿಡ್ತೀನಿ, ಇಲ್ಲದಿದ್ದರೆ ಹತ್ತು ಉತ್ತರ ಆದಮೇಲೆ 'ಮೂರು ರಾಜ್ಯಗಳ ಕಥನ' ಎಂಬ ಪ್ರಸಿದ್ಧ ಚೀನೀ ಕಾದಂಬರಿಯ ಗಾವ್ ಶುನ್‌ಗೂ ಚರಿತ್ರೆಯವನಿಗೂ ಕಲಸುಮೇಲೋಗರ ಆಗುತ್ತೆ.

ಆ ಕಾಲದ ಮುಖ್ಯ ಚರಿತ್ರೆ ಬರೆದವನು ಚೆನ್ ಶೋ, 3ನೇ ಶತಮಾನದವನು. ಅದರಲ್ಲಿ ಗಾವ್ ಶುನ್‌ಗೆ ಪ್ರತ್ಯೇಕ ಅಧ್ಯಾಯ ಇಲ್ಲ, ಲ್ಯೂ ಬು ಮತ್ತಿತರರ ಅಧ್ಯಾಯಗಳಲ್ಲಿ ಹೆಸರು ಬಂದು ಹೋಗುತ್ತೆ ಅಷ್ಟೆ. ಊರು ಯಾವುದು, ಯಾವಾಗ ಹುಟ್ಟಿದ ಎಂಬುದನ್ನು ಯಾರೂ ದಾಖಲಿಸಿಲ್ಲ. ನಮಗೆ ಗೊತ್ತಿರುವ ಮುಕ್ಕಾಲು ಪಾಲು ವಿಷಯ, 429ರಲ್ಲಿ ಪೆಯ್ ಸೋಂಗ್‌ಝಿ ಆ ಗ್ರಂಥಕ್ಕೆ ಬರೆದು ಮುಗಿಸಿದ ವ್ಯಾಖ್ಯಾನದಿಂದ ಬಂದದ್ದು. ಅವನು ವಾಂಗ್ ತ್ಸಾನ್ ಎಂಬ ಕವಿಯ ಹೆಸರಿನಲ್ಲಿರುವ ಒಂದು ಹಳೆಯ ಕೃತಿಯಿಂದ ಉದ್ಧರಿಸುತ್ತಾನೆ. ಮೂಲ ಕೃತಿ ಕಳೆದುಹೋಗಿದೆ, ಇಂಥ ಉದ್ಧರಣೆಗಳಲ್ಲಿ ಮಾತ್ರ ಉಳಿದಿದೆ.

ಅಲ್ಲಿ ಇರುವುದಿಷ್ಟು. ಗಾವ್ ಶುನ್ ಶುದ್ಧಹಸ್ತ, ಗಂಭೀರ ಮನುಷ್ಯ. ಮದ್ಯ ಮುಟ್ಟುತ್ತಿರಲಿಲ್ಲ, ಯಾರಿಂದಲೂ ಕಾಣಿಕೆ ತೆಗೆದುಕೊಳ್ಳುತ್ತಿರಲಿಲ್ಲ. ಅವನ ಬಳಿ ಇದ್ದವರು 700 ಚಿಲ್ಲರೆ ಸೈನಿಕರು, ಹೇಳಿಕೊಳ್ಳೋಕೆ ಸಾವಿರ. ಕವಚ, ಆಯುಧ ಎಲ್ಲ ಅಚ್ಚುಕಟ್ಟು. ಯಾವ ವ್ಯೂಹದ ಮೇಲೆ ಬಿದ್ದರೂ ಅದು ಮುರಿಯದೆ ಉಳಿದದ್ದಿಲ್ಲವಂತೆ, ಅದಕ್ಕೇ ಆ ತುಕಡಿಗೆ 'ವ್ಯೂಹ ಮುರಿಯುವ ಪಾಳೆಯ' ಅಂತ ಹೆಸರು.

ಈಗ ಆ ರಾತ್ರಿ. 196ರ ಆರನೇ ಚಾಂದ್ರಮಾಸ. ಹಾವ್ ಮೆಂಗ್ ಎಂಬ ದಳಪತಿ ತನ್ನವರನ್ನು ಕಟ್ಟಿಕೊಂಡು ಬಂದು ಲ್ಯೂ ಬುವಿನ ವಸತಿಯ ಬಾಗಿಲ ಮುಂದೆ ಬೊಬ್ಬೆ ಹೊಡೆದ. ಬಾಗಿಲು ಗಟ್ಟಿ ಇತ್ತು, ಒಳಗೆ ನುಗ್ಗೋಕೆ ಆಗಲಿಲ್ಲ. ಲ್ಯೂ ಬುಗೆ ಯಾರು ಬಂದಿದ್ದಾರೆ ಅಂತಲೇ ತಿಳಿಯಲಿಲ್ಲ. ತಲೆಗೆ ರುಮಾಲಿಲ್ಲ, ಮೈಮೇಲೆ ಬಟ್ಟೆ ಸರಿಯಾಗಿಲ್ಲ, ಹೆಂಡತಿಯ ಕೈ ಹಿಡಿದು ಎಳೆದುಕೊಂಡು ಕಕ್ಕಸಿನ ಕಡೆಯ ಗೋಡೆ ದಾಟಿ ಓಡಿದ. ನೇರ ಗಾವ್ ಶುನ್‌ನ ಪಾಳೆಯಕ್ಕೆ.

ಗಾವ್ ಶುನ್ ಗಾಬರಿಯಾಗಲಿಲ್ಲ. ಏನಾದರೂ ಸುಳಿವು ಸಿಕ್ಕಿತಾ ಅಂತ ಕೇಳಿದ. ಹೆನೆಯ್ ಸೀಮೆಯ ಮಾತಿನ ಧಾಟಿ ಕೇಳಿಸಿತು ಅಂದ ಲ್ಯೂ ಬು. ಹಾಗಾದರೆ ಹಾವ್ ಮೆಂಗ್ ಅಂತ ಇವನು ತಕ್ಷಣ ಹೇಳಿದ. ಸೈನಿಕರನ್ನು ಕರೆದುಕೊಂಡು ಹೋಗಿ ಬಿಲ್ಲು, ಅಡ್ಡಬಿಲ್ಲುಗಳಿಂದ ಬಾಣದ ಮಳೆ ಸುರಿಸಿ ದಂಗೆಯವರನ್ನು ಚದುರಿಸಿದ. ಹಾವ್ ಮೆಂಗ್ ಬೆಳಗಿನ ಹೊತ್ತಿಗೆ ತನ್ನ ಪಾಳೆಯಕ್ಕೆ ಓಡಿದರೆ ಅಲ್ಲಿ ಅವನ ಕೈಕೆಳಗಿನ ತ್ಸಾವ್ ಶಿಂಗ್ ಅವನ ಮೇಲೇ ತಿರುಗಿಬಿದ್ದ. ಹಾವ್ ಮೆಂಗ್ ತ್ಸಾವ್ ಶಿಂಗ್‌ಗೆ ಇರಿದ, ತ್ಸಾವ್ ಶಿಂಗ್ ಹಾವ್ ಮೆಂಗ್‌ನ ಒಂದು ತೋಳು ಕತ್ತರಿಸಿದ. ಗಾವ್ ಶುನ್ ಬಂದು ಹಾವ್ ಮೆಂಗ್‌ನ ತಲೆ ತೆಗೆದು, ಗಾಯಗೊಂಡ ತ್ಸಾವ್ ಶಿಂಗ್‌ನನ್ನು ಮಂಚದ ಮೇಲೆ ಹೊರಿಸಿ ಲ್ಯೂ ಬುವಿನ ಮುಂದೆ ತಂದ.

ಹುಬ್ಬಳ್ಳಿ ಹೈದ:

ಕಕ್ಕಸಿನ ಗೋಡಿ ಹಾರಿದ್ನಾ 😂 ಗೇಮಿನ್ಯಾಗ ಇವನ್ನ ನೋಡಿದ್ರ ದೇವರನ್ನ ನೋಡಿದಂಗ ತೋರಸ್ತಾರ್ರೀ. ಇಂಥಾ ಸೀನ್ ಒಂದೂ ಹಾಕಿಲ್ಲ.

ಒಂದ್ ಪ್ರಶ್ನೆ. ನಾ ಆಡಿದ ಗೇಮಿನ್ಯಾಗ ಗಾವ್ ಶುನ್‌ನ ದಂಡು ಪೂರಾ ಕುದುರಿ ದಂಡು. ಖರೇನೂ ಹಂಗ ಇತ್ತೇನು?

ತಾಳೆಗರಿ:

ಆ ವಾಕ್ಯಗಳಲ್ಲಿ ಕುದುರೆಯ ಮಾತೇ ಇಲ್ಲ. ಕವಚ ಇದೆ, ಆಯುಧ ಇದೆ, ಶಿಸ್ತು ಇದೆ. ಲ್ಯೂ ಬು ಉತ್ತರದ ಗಡಿನಾಡಿನವನು, ಅವನ ಖ್ಯಾತಿಯೇ ಕುದುರೆ ಸವಾರಿಯದ್ದು, ಹಾಗಾಗಿ ಅವನ ಜನ ಎಲ್ಲ ಸವಾರರೇ ಅಂತ ಗೇಮ್ ಮಾಡಿದವರು ಅಂದುಕೊಂಡಿರಬಹುದು. ಹಾವ್ ಮೆಂಗ್‌ನ ರಾತ್ರಿ ಅವರು ಮಾಡಿದ್ದು ವಸತಿಯ ಅಂಗಳಕ್ಕೆ ನುಗ್ಗಿ ಅಡ್ಡಬಿಲ್ಲು ಹೊಡೆದದ್ದು. ಅದು ಕಾಲಾಳಿನ ಕೆಲಸ.

ಹುಬ್ಬಳ್ಳಿ ಹೈದ:

ಹೋತ್ ಬಿಡ್ರಿ, ಇಷ್ಟ ವರ್ಷ ಕುದುರಿಗೆ ಹುಲ್ಲು ಹಾಕಿದ್ದು ದಂಡ.

ಕಡಲ ಕಾಗೆ:

ತಾಳೆಗರಿಯವರು ಆ ರಾತ್ರಿಯ ಕತೆಯನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. ಮುಂದಿನದ್ದೇ ಗಮ್ಮತ್ತು ಇರುವುದು ಮಾರಾಯ್ರೆ.

ಮಂಚದ ಮೇಲೆ ಬಂದ ತ್ಸಾವ್ ಶಿಂಗ್‌ನನ್ನು ಲ್ಯೂ ಬು ವಿಚಾರಿಸಿದ. ಹಾವ್ ಮೆಂಗ್‌ನ ಹಿಂದೆ ಇನ್ನೊಬ್ಬ ಪಾಳೇಗಾರ ಯುವಾನ್ ಶು ಇದ್ದಾನೆ ಅಂದ ಇವನು. ನಮ್ಮವರು ಬೇರೆ ಯಾರಿದ್ದರು ಅಂತ ಕೇಳಿದ್ದಕ್ಕೆ ಚೆನ್ ಗೋಂಗ್ ಅಂದ. ಚೆನ್ ಗೋಂಗ್ ಅಂದರೆ ಲ್ಯೂ ಬುವಿನ ಮುಖ್ಯ ಸಲಹೆಗಾರ, ಅಲ್ಲೇ ಪಕ್ಕದಲ್ಲಿ ಕೂತಿದ್ದ. ಮುಖ ಕೆಂಪಾಯಿತು, ಸುತ್ತ ಇದ್ದವರೆಲ್ಲ ನೋಡಿದರು. ಚೆನ್ ಗೋಂಗ್ ದೊಡ್ಡ ಸೇನಾನಿಯೂ ಹೌದು ಅಂತ ಲ್ಯೂ ಬು ಆ ಮಾತನ್ನು ಅಲ್ಲಿಗೇ ಬಿಟ್ಟ.

ಈಗ ಲ್ಯೂ ಬುವಿನ ಜಾಗದಲ್ಲಿ ಕೂತು ನೋಡಿ. ಒಬ್ಬ ದಳಪತಿ ನಿಮ್ಮನ್ನು ಕೊಲ್ಲಲು ಬಂದ. ಮುಖ್ಯ ಸಲಹೆಗಾರನ ಮೇಲೆ ಅನುಮಾನ. ಉಳಿದದ್ದು ಗಾವ್ ಶುನ್, 700 ಜನ ಕಟ್ಟುನಿಟ್ಟಿನ ಸೈನಿಕರು, ಅವರು ನಿಮ್ಮ ಮುಖ ನೋಡಿ ಅಲ್ಲ, ಅವನ ಮುಖ ನೋಡಿ ಕೆಲಸ ಮಾಡುವವರು. ಅವತ್ತು ರಾತ್ರಿ ಅರೆಬೆತ್ತಲೆಯಾಗಿ ಆ ಪಾಳೆಯದ ಬಾಗಿಲಲ್ಲಿ ನಿಂತಾಗ ಲ್ಯೂ ಬುಗೆ ಒಂದು ವಿಷಯ ಖಚಿತ ಆಗಿರಬೇಕು: ಇವನು ಮನಸ್ಸು ಮಾಡಿದರೆ ನನ್ನ ತಲೆ ಉಳಿಯುತ್ತೆ, ಮನಸ್ಸು ಮಾಡದಿದ್ದರೆ ಇಲ್ಲ.

ಕಾಪಾಡಿದ ಮೇಲೂ ದಂಡು ಕಿತ್ತುಕೊಂಡ ಅಂತ ಹೇಳಬೇಡಿ. ಕಾಪಾಡಿದ್ದಕ್ಕೇ ಕಿತ್ತುಕೊಂಡದ್ದು. ಎರಡು ಒಡೆಯರನ್ನು ತನ್ನ ಕೈಯಿಂದಲೇ ಕೊಂದವನಿಗೆ, ನಂಬಿಕಸ್ಥ ಸೇನಾನಿ ಒಂದು ರಾತ್ರಿಯಲ್ಲಿ ಏನಾಗಬಹುದು ಅಂತ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಸಂಪಿಗೆ:

ಕಾಗೆಯವರ ವಾದ ಓದೋಕೆ ಚೆನ್ನಾಗಿದೆ, ಆದರೆ ಅದು ಲ್ಯೂ ಬುಗೆ ಇಲ್ಲದ ಬುದ್ಧಿಯನ್ನು ಎರವಲು ಕೊಡುತ್ತೆ. ಅಷ್ಟು ಲೆಕ್ಕಾಚಾರದ ಮನುಷ್ಯ ಚೆನ್ ಗೋಂಗ್‌ನನ್ನು ಹಾಗೇ ಬಿಡುತ್ತಿದ್ದನಾ? ಅನುಮಾನ ಬಂದವನಿಗೆ ಏನೂ ಆಗಲಿಲ್ಲ, ಕಾಪಾಡಿದವನಿಗೆ ಶಿಕ್ಷೆ. ನನಗೆ ಇದು ಭಯಕ್ಕಿಂತ ಕಿರಿಕಿರಿ ಅನ್ನಿಸುತ್ತೆ.

ಗಾವ್ ಶುನ್ ಅವನಿಗೆ ಆಗಾಗ ಬುದ್ಧಿ ಹೇಳುತ್ತಿದ್ದ, ಅದೂ ಮುಚ್ಚುಮರೆ ಇಲ್ಲದೆ. ಮನೆ ಮುರಿದ, ರಾಜ್ಯ ಕಳಕೊಂಡ ಕಡೆಯಲ್ಲೆಲ್ಲ ನಿಷ್ಠರೂ ಬುದ್ಧಿವಂತರೂ ಇರಲಿಲ್ಲ ಅಂತಲ್ಲ, ಅವರ ಮಾತು ನಡೆಯಲಿಲ್ಲ. ನೀವು ಏನನ್ನೂ ಯೋಚಿಸಿ ಮಾಡುವುದಿಲ್ಲ, ಆಮೇಲೆ ತಪ್ಪಾಯಿತು ಅನ್ನುತ್ತೀರಿ, ಆ ತಪ್ಪುಗಳಿಗೆ ಲೆಕ್ಕವೇ ಇಲ್ಲ. ಒಬ್ಬ ಅಧಿಕಾರಿ ಒಡೆಯನಿಗೆ ಹೀಗೆ ಹೇಳಿದ್ದಾನೆ! ಲ್ಯೂ ಬುಗೆ ಇವನು ನಿಷ್ಠ ಅಂತ ಗೊತ್ತಿತ್ತು, ಆದರೂ ಬಳಸಿಕೊಳ್ಳಲು ಆಗಲಿಲ್ಲ ಅಂತ ಅದೇ ಗ್ರಂಥ ಹೇಳುತ್ತೆ.

ಇನ್ನೊಂದು ಸಂದರ್ಭವೂ ಇದೆ. ತ್ಸಾಂಗ್ ಬಾ ಎಂಬುವನು ಜು ಪಟ್ಟಣ ಗೆದ್ದು, ಅಲ್ಲಿ ಸಿಕ್ಕ ಸರಕಿನಲ್ಲಿ ಪಾಲು ಕಳಿಸುತ್ತೇನೆ ಅಂತ ಹೇಳಿ ಕಳಿಸಲಿಲ್ಲ. ಲ್ಯೂ ಬು ತಾನೇ ವಸೂಲಿಗೆ ಹೊರಟ. ಗಾವ್ ಶುನ್ ತಡೆದ. ದೋಂಗ್ ಝುವೋನನ್ನು ಕೊಂದವರು ಎಂಬ ಹೆಸರೇ ನಿಮಗೆ ಸಾಕು, ಸುಮ್ಮನೆ ಕೂತರೂ ಜನ ಹೆದರುತ್ತಾರೆ, ನೀವೇ ಹೋಗಿ ಸೋತರೆ ಆ ಹೆಸರಿಗೆ ಮಸಿ ಅಂದ. ಲ್ಯೂ ಬು ಕೇಳಲಿಲ್ಲ. ಹೋದ, ತ್ಸಾಂಗ್ ಬಾ ಕೋಟೆ ಬಾಗಿಲು ಹಾಕಿಕೊಂಡ, ಇವನು ಬರಿಗೈಯಲ್ಲಿ ವಾಪಸು ಬಂದ.

ಯಾವಾಗಲೂ ಸರಿ ಹೇಳುವವನನ್ನು ದಿನಾ ಎದುರಿಗೆ ಇಟ್ಟುಕೊಳ್ಳೋದು ಎಲ್ಲರಿಗೂ ಆಗೋ ಕೆಲಸ ಅಲ್ಲ. ಅದರಲ್ಲೂ ತಾನು ಕಕ್ಕಸಿನ ಗೋಡೆ ಹಾರಿ ಬಂದದ್ದನ್ನು ಕಣ್ಣಾರೆ ಕಂಡವನನ್ನು.

ಕಡಲ ಕಾಗೆ:

ಅಕ್ಕ, ಕಡೇ ಸಾಲು ಒಪ್ಪಿದೆ. ಆದರೆ ಕಿರಿಕಿರಿ ಆದವನು ದೂರ ಕಳಿಸುತ್ತಾನೆ, ಹುದ್ದೆ ಇಳಿಸುತ್ತಾನೆ. ಲ್ಯೂ ಬು ಹಾಗೆ ಮಾಡಲಿಲ್ಲ. ಸೈನಿಕರನ್ನು ನೆಂಟನ ಸುಪರ್ದಿಗೆ ಕೊಟ್ಟು, ಕದನದ ದಿನ ಮಾತ್ರ ಗಾವ್ ಶುನ್‌ನನ್ನು ಮುಂದೆ ಬಿಟ್ಟ. ಇದು ಸಿಟ್ಟಿನಲ್ಲಿ ಮಾಡಿದ್ದಲ್ಲ, ಕೂತು ಮಾಡಿದ ವ್ಯವಸ್ಥೆ.

ಮಾವಿನಕಟ್ಟೆ ಮೇಷ್ಟ್ರು:

ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಆ ಕಾಲದ ದಂಡು ಹೇಗಿತ್ತು ಎಂಬುದನ್ನು ಬಿಟ್ಟು ಈ ಪ್ರಶ್ನೆಗೆ ಉತ್ತರ ಹುಡುಕಬಾರದು. ಹಾನ್ ಸರ್ಕಾರದ ಸೈನ್ಯ ಒಡೆದು ಹೋದ ಮೇಲೆ ಒಬ್ಬೊಬ್ಬ ಸೇನಾನಿಗೂ ತನ್ನದೇ ಆಳುಗಳು. ಅನ್ನ ಹಾಕುವವನು, ಆಯುಧ ಕೊಡುವವನು ಅವನೇ. ಸೈನಿಕನ ಕುಟುಂಬವೂ ಹಲವು ಕಡೆ ಅವನ ಬೆನ್ನ ಹಿಂದೆಯೇ ಇರುತ್ತಿತ್ತು. ಸೇನಾನಿ ಪಕ್ಷ ಬದಲಿಸಿದರೆ ಆಳುಗಳೂ ಜೊತೆಗೆ ಬದಲಾಗುತ್ತಿದ್ದರು. ಅಂದರೆ ಪಾಳೇಗಾರನೆಂಬವನು ನಿಜದಲ್ಲಿ ಇಂಥ ಹತ್ತು ಗುಂಪುಗಳನ್ನು ಹೇಗೋ ಒಟ್ಟಿಗೆ ಹಿಡಿದುಕೊಂಡವನು, ಅಷ್ಟೆ. ಲ್ಯೂ ಬುವಿನ ಹಿಡಿತ ಉಳಿದವರಿಗಿಂತ ಸಡಿಲ, ಯಾಕೆಂದರೆ ಅವನು ಆ ಸೀಮೆಗೆ ಹೊರಗಿನಿಂದ ಬಂದವನು. ಜಮೀನಿಲ್ಲ, ಬಂಧುಬಳಗ ಕಡಿಮೆ, ಸ್ಥಳೀಯ ಶ್ರೀಮಂತರ ಬೆಂಬಲವೂ ಅಷ್ಟಕ್ಕಷ್ಟೆ. ಹಾಗಾಗಿ ನೆಂಟಸ್ತನ ಇರುವ ಒಬ್ಬ ವೆಯ್ ಶು ಅವನಿಗೆ ಬಂಗಾರದಂತೆ ಕಂಡಿರಬೇಕು.

ಸೈನ್ಯ ಸಾಕುವವನು ಒಬ್ಬ, ಯುದ್ಧಕ್ಕೆ ಕರೆದುಕೊಂಡು ಹೋಗುವವನು ಇನ್ನೊಬ್ಬ ಎಂಬ ಏರ್ಪಾಡನ್ನು ಮುಂದೆ ಒಂದು ಇಡೀ ಸಾಮ್ರಾಜ್ಯವೇ ಅನುಸರಿಸಿತು. ಸೋಂಗ್ ವಂಶದ ಸ್ಥಾಪಕ ಝಾವ್ ಕುವಾಂಗ್‌ಯಿನ್ ಸ್ವತಃ ಸೇನಾನಿಯಾಗಿದ್ದು 960ರಲ್ಲಿ ಪಟ್ಟಕ್ಕೆ ಏರಿದವನು. ತನ್ನಂತೆ ಇನ್ನೊಬ್ಬ ಏರಬಾರದಲ್ಲ? 961ರಲ್ಲಿ ತನ್ನ ಹಿರಿಯ ಸೇನಾನಿಗಳನ್ನು ಮದ್ಯದ ಕೂಟಕ್ಕೆ ಕರೆದು, ನಯವಾಗಿಯೇ ಅವರ ಕೈಯಿಂದ ಅಧಿಕಾರ ಬಿಡಿಸಿ, ಕೈತುಂಬ ಆಸ್ತಿ ಕೊಟ್ಟು ಕಳಿಸಿದನೆಂದು ಪ್ರತೀತಿ. ಸೋಂಗ್ ಸೈನ್ಯದಲ್ಲಿ ಸೈನಿಕನಿಗೆ ಸೇನಾನಿಯ ಪರಿಚಯ ಇಲ್ಲ, ಸೇನಾನಿಗೆ ಸೈನಿಕನ ಪರಿಚಯ ಇಲ್ಲ ಎಂಬ ದೂರು ಆಮೇಲೆ ಬಹಳ ಕಾಲ ಇತ್ತು. ದಂಗೆ ಕಡಿಮೆಯಾಯಿತು, ಕದನದ ಕಸುವೂ ಕಡಿಮೆಯಾಯಿತು.

ಕಾಗೆಯವರು ಹೇಳಿದ ಭಯ ನಿಜ. ಲ್ಯೂ ಬು ಕಂಡುಕೊಂಡ ಮದ್ದೂ ಪೂರ್ತಿ ಅಸಂಬದ್ಧವಲ್ಲ. ಅವನು ಎಡವಿದ್ದು ಆಳಿನ ಆಯ್ಕೆಯಲ್ಲಿ.

ಬೆಟ್ಟದ ಹುಲ್ಲು:

ಮೇಷ್ಟ್ರೆ, ಸೋಂಗ್ ಹೋಲಿಕೆ ಹೊಸದು ನನಗೆ. ಆದರೆ ಒಂದು ವ್ಯತ್ಯಾಸ ಇದೆಯಲ್ಲ? ಅಲ್ಲಿ ಕಿತ್ತುಕೊಂಡವರಿಗೆ ಆಸ್ತಿ ಸಿಕ್ಕಿತು. ಗಾವ್ ಶುನ್‌ಗೆ ಏನೂ ಸಿಗಲಿಲ್ಲ, ಮೇಲಿಂದ ಕೆಲಸವೂ ತಪ್ಪಲಿಲ್ಲ.

ಮಾವಿನಕಟ್ಟೆ ಮೇಷ್ಟ್ರು:

ಕೊಟ್ಟಿದ್ದರೂ ಅವನು ತೆಗೆದುಕೊಳ್ಳುತ್ತಿರಲಿಲ್ಲ ಅಂತ ಅದೇ ಗ್ರಂಥ ಹೇಳುತ್ತದಲ್ಲ. ಕಾಣಿಕೆ ಮುಟ್ಟದವನನ್ನು ಕಟ್ಟಿಹಾಕುವುದು ಪಾಳೇಗಾರನಿಗೆ ಕಷ್ಟ. ಅದೂ ಒಂದು ಕಾರಣ ಇರಬಹುದು.

ಹುಬ್ಬಳ್ಳಿ ಹೈದ:

ದಂಡು ಕಸಗೊಂಡ ಮ್ಯಾಲೂ ಗೆದ್ದಾನಲ್ರೀ ಇಂವಾ. ಲಿಯು ಬೆಯ್‌ನ ಓಡಿಸಿದ್ದು ಇವನ ಹೌದಲ್ಲ?

ತಾಳೆಗರಿ:

ಹೌದು, ಅದೇ ಅವನ ದೊಡ್ಡ ಗೆಲುವು. 198ರ ವಸಂತದಲ್ಲಿ ಲ್ಯೂ ಬು ಕುದುರೆ ಕೊಳ್ಳಲು ಚಿನ್ನ ಕೊಟ್ಟು ಹೆನೆಯ್ ಕಡೆಗೆ ಜನ ಕಳಿಸಿದ್ದ. ದಾರಿಯಲ್ಲಿ ಲಿಯು ಬೆಯ್‌ನ ಸೈನಿಕರು ದೋಚಿಬಿಟ್ಟರು. ಲ್ಯೂ ಬು ಗಾವ್ ಶುನ್ ಮತ್ತು ಇನ್ನೊಬ್ಬ ಸೇನಾನಿ ಝಾಂಗ್ ಲಿಯಾವ್ ಇಬ್ಬರನ್ನು ಲಿಯು ಬೆಯ್ ಇದ್ದ ಶಿಯಾವ್‌ಪೆಯ್ ಮೇಲೆ ಕಳಿಸಿದ. ಲಿಯು ಬೆಯ್ ನೆರವಿಗೆ ತ್ಸಾವ್ ತ್ಸಾವ್ ತನ್ನ ಬಲಗೈಯಂತಿದ್ದ ಶಿಯಾಹೋ ದುನ್‌ನನ್ನು ಅಟ್ಟಿದ, ಗಾವ್ ಶುನ್ ಅವನನ್ನೂ ಸೋಲಿಸಿದ. ಒಂಬತ್ತನೇ ಮಾಸದಲ್ಲಿ ಊರು ಬಿತ್ತು. ಲಿಯು ಬೆಯ್ ಒಬ್ಬನೇ ತಪ್ಪಿಸಿಕೊಂಡ, ಹೆಂಡತಿ ಮಕ್ಕಳು ಸೆರೆ ಸಿಕ್ಕರು.

ಮುಂದೆ ಶು ರಾಜ್ಯದ ಚಕ್ರವರ್ತಿಯಾದವನನ್ನೂ, ವೆಯ್ ರಾಜ್ಯದ ಹಿರಿಯ ಸೇನಾಪತಿಯಾದವನನ್ನೂ ಒಂದೇ ದಂಡಯಾತ್ರೆಯಲ್ಲಿ ಮುರಿದವನು ಈ 'ಸಣ್ಣ ಸೇನಾನಿ'.

ಆದರೆ ಈ ಗೆಲುವೇ ಮೃತ್ಯುವನ್ನು ಮನೆಗೆ ಕರೆಯಿತು ಅನ್ನಬೇಕು. ತ್ಸಾವ್ ತ್ಸಾವ್ ಆಮೇಲೆ ತಾನೇ ಹೊರಟು ಬಂದ.

ಹುಬ್ಬಳ್ಳಿ ಹೈದ:

ಶಿಯಾಹೋ ದುನ್ ಕಣ್ಣಿಗೆ ಬಾಣ ಬಿದ್ದು, ಕಿತ್ತಿ ನುಂಗಿದ್ದು ಇದ ಕಾಳಗದಾಗಲ್ಲ?

ತಾಳೆಗರಿ:

ನುಂಗಿದ್ದು ಕಾದಂಬರಿ. ಅದು ಸುಮಾರು ಸಾವಿರದ ಇನ್ನೂರು ವರ್ಷ ಆದಮೇಲಿನ ಕೃತಿ. ಲ್ಯೂ ಬು ವಿರುದ್ಧದ ಯುದ್ಧದಲ್ಲಿ ಹಾರಿ ಬಂದ ಬಾಣ ತಗುಲಿ ಎಡಗಣ್ಣು ಹೋಯಿತು ಎಂಬುದು ಮಾತ್ರ ಚರಿತ್ರೆ.

ಸಂಪಿಗೆ:

ಶಿಯಾಪಿಯ ಮುತ್ತಿಗೆಗೆ ಬರೋಣ, ಗಾವ್ ಶುನ್ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದೇ.

ತ್ಸಾವ್ ತ್ಸಾವ್ ದೂರದಿಂದ ಬಂದಿದ್ದಾನೆ, ದವಸ ಬೇಗ ಮುಗಿಯುತ್ತೆ ಅಂತ ಚೆನ್ ಗೋಂಗ್ ಒಂದು ಉಪಾಯ ಹೇಳಿದ. ಲ್ಯೂ ಬು ದಂಡು ತೆಗೆದುಕೊಂಡು ಕೋಟೆಯ ಹೊರಗೆ ಬೀಡು ಬಿಡಲಿ, ಚೆನ್ ಗೋಂಗ್ ಮತ್ತು ಗಾವ್ ಶುನ್ ಒಳಗೆ ಕೋಟೆ ಕಾಯಲಿ. ಶತ್ರು ಹೊರಗಿನವನ ಮೇಲೆ ಬಿದ್ದರೆ ಒಳಗಿನವರು ಬೆನ್ನಿಗೆ ಹೊಡೆಯೋದು, ಕೋಟೆಗೆ ಬಿದ್ದರೆ ಹೊರಗಿನವನು ನೆರವಿಗೆ ಬರೋದು. ಲ್ಯೂ ಬು ಹೂಂ ಅಂದ.

ಹೆಂಡತಿ ತಡೆದಳು. ಚೆನ್ ಗೋಂಗ್‌ಗೂ ಗಾವ್ ಶುನ್‌ಗೂ ಮೊದಲಿನಿಂದಲೂ ಆಗಿಬರಲ್ಲ, ನೀವು ಹೊರಗೆ ಹೋದರೆ ಇವರಿಬ್ಬರೂ ಒಂದೇ ಮನಸ್ಸಿನಿಂದ ಕೋಟೆ ಕಾಯುತ್ತಾರಾ, ಏನಾದರೂ ಹೆಚ್ಚುಕಮ್ಮಿ ಆದರೆ ನೀವು ಎಲ್ಲಿ ನಿಲ್ತೀರಿ ಅಂದಳು. ತ್ಸಾವ್ ತ್ಸಾವ್ ಚೆನ್ ಗೋಂಗ್‌ನನ್ನು ಹಸುಗೂಸಿನ ಹಾಗೆ ನೋಡಿಕೊಂಡಿದ್ದ, ಅವನನ್ನೇ ಬಿಟ್ಟು ಬಂದವನು ಇವನು ಅಂತಲೂ ನೆನಪಿಸಿದಳು. ಲ್ಯೂ ಬು ಹೊರಗೆ ಹೋಗಲಿಲ್ಲ.

ಎಲ್ಲರೂ ಇಲ್ಲಿ ಆ ಹೆಂಗಸನ್ನು ಬೈಯುತ್ತಾರೆ. ಹೆಂಡತಿ ಮಾತು ಕೇಳಿ ಕೆಟ್ಟ ಅಂತ. ಆದರೆ ಎರಡು ವರ್ಷದ ಹಿಂದೆ ಅರೆಬರೆ ಬಟ್ಟೆಯಲ್ಲಿ ಗೋಡೆ ದಾಟಿಸಿ ಎಳೆದೊಯ್ದದ್ದು ಹೆಂಡತಿಯನ್ನೇ ತಾನೆ? ಅದೇ ದಂಗೆಯ ವಿಚಾರಣೆಯಲ್ಲಿ ಚೆನ್ ಗೋಂಗ್ ಹೆಸರು ಹೇಳಿದವನನ್ನು ಹೊರಿಸಿ ತಂದದ್ದು ಗಾವ್ ಶುನ್ ತಾನೆ? ಅವರಿಬ್ಬರಿಗೆ ಆಗಿಬರಲ್ಲ ಅನ್ನೋದು ಅಂತಃಪುರದ ಗಾಳಿಮಾತಲ್ಲ. ಲ್ಯೂ ಬುವಿನ ಸೇನಾನಿಗಳ ಬಗ್ಗೆ ಅವನಿಗಿಂತ ಅವಳಿಗೇ ಚೆನ್ನಾಗಿ ತಿಳಿದಿತ್ತು ಅನ್ನಿಸುತ್ತೆ.

ಕಡಲ ಕಾಗೆ:

ಹೌದಕ್ಕ, ಇದನ್ನು ನಾನು ಯೋಚಿಸಿರಲಿಲ್ಲ. ಹಾವ್ ಮೆಂಗ್ ಸತ್ತ ಮೇಲೂ ಅವನ ದಂಗೆ ಶಿಯಾಪಿಯಲ್ಲಿ ಕೆಲಸ ಮಾಡುತ್ತಲೇ ಇತ್ತು ಅಂತಾಯಿತು.

ಮಾವಿನಕಟ್ಟೆ ಮೇಷ್ಟ್ರು:

ಕೊನೆಯ ದಿನಗಳನ್ನು ಬೇಗ ಹೇಳಿಬಿಡುತ್ತೇನೆ. ಮುತ್ತಿಗೆ ಎಳೆದಾಡಿ ತ್ಸಾವ್ ತ್ಸಾವ್ ಕೂಡ ಬೇಸತ್ತು ಹಿಂದಿರುಗುವ ಯೋಚನೆ ಮಾಡಿದ್ದ. ಅವನ ಸಲಹೆಗಾರರಾದ ಶ್ಯುನ್ ಯೋ, ಗುವೋ ಜಿಯಾ ಇಬ್ಬರೂ ತಡೆದರು. ಯಿ ಮತ್ತು ಸಿ ನದಿಗಳ ನೀರನ್ನು ಕೋಟೆಗೆ ತಿರುಗಿಸಲಾಯಿತು. ಇನ್ನೊಂದು ತಿಂಗಳು ಹೀಗೇ ಹೋಯಿತು.

ಇದೇ ಹೊತ್ತಿಗೆ ಹೋ ಚೆಂಗ್ ಎಂಬ ಸೇನಾನಿಯ 15 ಕುದುರೆಗಳನ್ನು ಅವನ ಆಳು ಕದ್ದುಕೊಂಡು ಹೋದ. ಹೋ ಚೆಂಗ್ ಬೆನ್ನಟ್ಟಿ ವಾಪಸು ತಂದ. ಗೆಳೆಯರೆಲ್ಲ ಸಂತೋಷಪಡಲು ಸೇರಿದರು. ಮದ್ಯ ಕಾಯಿಸಿದ್ದ, ಹಂದಿ ಬೇಟೆಯಾಡಿದ್ದ. ತಾವು ಮುಟ್ಟುವ ಮೊದಲು ಒಡೆಯನಿಗೆ ಒಪ್ಪಿಸಬೇಕೆಂದು ಒಂದು ಪಾಲು ತೆಗೆದುಕೊಂಡು ಹೋದ. ಲ್ಯೂ ಬು ಸಿಡಿದ. ನಾನು ಮದ್ಯ ನಿಷೇಧಿಸಿದ್ದೇನೆ, ನೀವು ಕುಡಿದು ಅಣ್ಣತಮ್ಮಂದಿರಾಗಿ ನನ್ನನ್ನು ಕೊಲ್ಲುವ ಸಂಚು ಮಾಡುತ್ತೀರಾ ಎಂದ. ಹೋ ಚೆಂಗ್ ಹೆದರಿದ. ಕೊನೆಗೆ ಅವನು, ಸೋಂಗ್ ಶಿಯೆನ್, ಮತ್ತು ವೆಯ್ ಶು ಸೇರಿ ಚೆನ್ ಗೋಂಗ್‌ನನ್ನು ಕಟ್ಟಿಹಾಕಿ ಶತ್ರುವಿಗೆ ಶರಣಾದರು.

ಬೆಟ್ಟದ ಹುಲ್ಲು:

ಒಂದ್ನಿಮಿಷ. ವೆಯ್ ಶು? ಆ ನೆಂಟನೇ?

ತಾಳೆಗರಿ:

ಆ ನೆಂಟನೇ. ಗಾವ್ ಶುನ್‌ನ ಸೈನಿಕರನ್ನು ಯಾರ ಕೈಗೆ ಕೊಟ್ಟಿದ್ದನೋ ಅವನೇ. ಇನ್ನೂ ಒಂದು ಸೇರಿಸಿ. ಚೆನ್ ಶೋನ ಗ್ರಂಥದಲ್ಲಿ ಕಟ್ಟಿದ್ದು ಚೆನ್ ಗೋಂಗ್‌ನನ್ನು ಅಂತಷ್ಟೇ ಇದೆ. 5ನೇ ಶತಮಾನದ ಫಾನ್ ಯೆ ಬರೆದ ಉತ್ತರ ಹಾನ್ ಚರಿತ್ರೆಯಲ್ಲಿ ಚೆನ್ ಗೋಂಗ್ ಮತ್ತು ಗಾವ್ ಶುನ್ ಇಬ್ಬರನ್ನೂ ಹಿಡಿದರು ಅಂತ ಇದೆ. ಜೀವಮಾನದಲ್ಲಿ ಒಂದಾಗದವರು ಹಗ್ಗದಲ್ಲಿ ಒಂದಾದರು.

ಹುಬ್ಬಳ್ಳಿ ಹೈದ:

ಆ ಲ್ಯೂ ಬು ಅಂವಾ ತ್ಸಾವ್ ತ್ಸಾವ್ ಮುಂದ ನಿಂತು ಏನಂದ ಗೊತ್ತೇನ್ರೀ? ನಾ ನನ್ನ ಸೇನಾನಿಗೋಳನ್ನ ಭಾಳ ಚಲೋ ನೋಡಿಕೊಂಡಿದ್ದೆ, ಕಷ್ಟ ಬಂದಾಗ ಕೈ ಕೊಟ್ರು ಅಂದ. ಅದಕ್ಕ ತ್ಸಾವ್ ತ್ಸಾವ್, ನಿನ್ನ ಹೆಂಡ್ತಿ ಬಿಟ್ಟು ಅವರ ಹೆಂಡ್ರ ಮ್ಯಾಲೆ ಕಣ್ಣು ಹಾಕಿದಿ, ಇದ ಏನು ಚಲೋ ನೋಡಿಕೊಳ್ಳೋದು ಅಂದ. ಸುಮ್ನಾದ.

ನಂಗ ಸಿಟ್ಟು ಬರೋದು ಬ್ಯಾರೆದಕ್ಕ. ಝಾಂಗ್ ಲಿಯಾವ್‌ನ ಬಿಟ್ರು, ತ್ಸಾಂಗ್ ಬಾನ ಹುಡುಕಿ ತಂದು ಅಧಿಕಾರ ಕೊಟ್ರು. ಗಾವ್ ಶುನ್‌ನ ಮಾತ್ರ ಕಡಿದ್ರು. ಯಾಕ?

ಸಂಪಿಗೆ:

ಕಾದಂಬರಿಯಲ್ಲಿ ತ್ಸಾವ್ ತ್ಸಾವ್ ಏನಾದರೂ ಹೇಳೋದಿದೆಯಾ ಅಂತ ಕೇಳುತ್ತಾನೆ, ಗಾವ್ ಶುನ್ ಬಾಯಿ ಬಿಡಲ್ಲ, ಸಿಟ್ಟಿನಲ್ಲಿ ಕೊಲ್ಲಿಸುತ್ತಾನೆ. ಓದಿದಾಗ ಮೈ ಜುಮ್ ಅನ್ನುತ್ತೆ. ಚರಿತ್ರೆಯಲ್ಲಿ ಆ ದೃಶ್ಯ ಇಲ್ಲ. ಲ್ಯೂ ಬು, ಚೆನ್ ಗೋಂಗ್, ಗಾವ್ ಶುನ್ ಇವರ ತಲೆಗಳನ್ನು ಶು ನಗರಕ್ಕೆ ಕಳಿಸಿ ಆಮೇಲೆ ಮಣ್ಣು ಮಾಡಿದರು ಅಂತ ಮಾತ್ರ ಇದೆ. (ನಗರದ ಹೆಸರು ಶು, ಲಿಯು ಬೆಯ್‌ನ ರಾಜ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ.)

ಕಡಲ ಕಾಗೆ:

ಹುಬ್ಬಳ್ಳಿಯವರೇ, ಮೇಷ್ಟ್ರು ಮೊದಲೇ ಉತ್ತರ ಕೊಟ್ಟಾಗಿದೆ ನೋಡಿ. ಝಾಂಗ್ ಲಿಯಾವ್ ತನ್ನ ಜನರನ್ನು ಕರೆದುಕೊಂಡು ಬಂದು ಶರಣಾದ. ಅವನನ್ನು ತೆಗೆದುಕೊಂಡರೆ ದಂಡೂ ಬರುತ್ತೆ. ತ್ಸಾಂಗ್ ಬಾನ ಹಿಂದೆ ಶಾನ್‌ದೋಂಗ್ ಕಡೆಯ ಬೆಟ್ಟದ ಗುಂಪುಗಳಿದ್ದವು. ಅವನನ್ನು ಒಲಿಸಿಕೊಂಡರೆ ಒಂದು ಸೀಮೆಯೇ ಶಾಂತ. ಗಾವ್ ಶುನ್ ಕೈಯಲ್ಲಿ ಏನಿತ್ತು? ಸೈನಿಕರು ಕಾಗದದ ಮೇಲೆ ವೆಯ್ ಶುವಿನವರು, ವೆಯ್ ಶು ಆಗಲೇ ಶರಣಾಗಿ ಆಯಿತು. ಇವನು ಬಂದದ್ದು ಕೈಕಟ್ಟಿಸಿಕೊಂಡು, ಒಬ್ಬನೇ.

ಅಂದರೆ ಎರಡು ವರ್ಷದ ಹಿಂದೆ ಲ್ಯೂ ಬು ಅವನ ದಂಡು ಕಿತ್ತುಕೊಂಡಾಗಲೇ ಅವನ ತಲೆಯ ಬೆಲೆಯನ್ನೂ ಕಿತ್ತುಕೊಂಡ. ಇದು ನನ್ನ ಊಹೆ, ಆದರೆ ನನಗೆ ಬೇರೆ ಯಾವ ವಿವರಣೆಯೂ ಇಷ್ಟು ಸರಿಯಾಗಿ ಕೂರುವುದಿಲ್ಲ.

ಮಾವಿನಕಟ್ಟೆ ಮೇಷ್ಟ್ರು:

ಲಿಯು ಬೆಯ್ ಅಲ್ಲೇ ಇದ್ದ ಎಂಬುದನ್ನೂ ಮರೆಯಬೇಡಿ. ಲ್ಯೂ ಬುವನ್ನು ಉಳಿಸಿಕೊಳ್ಳಲೇ ಎಂದು ತ್ಸಾವ್ ತ್ಸಾವ್ ಅನುಮಾನಿಸಿದಾಗ ದಿಂಗ್ ಯುವಾನ್, ದೋಂಗ್ ಝುವೋ ಗತಿ ಏನಾಯಿತು ಎಂದು ನೆನಪಿಸಿದವನೇ ಅವನು. ಗಾವ್ ಶುನ್ ಆ ಲಿಯು ಬೆಯ್‌ನ ಹೆಂಡತಿ ಮಕ್ಕಳನ್ನು ಕೆಲವೇ ತಿಂಗಳ ಹಿಂದೆ ಸೆರೆಹಿಡಿದವನು. ಅವನ ಪರವಾಗಿ ಮಾತಾಡಲು ಅಲ್ಲಿ ಯಾರಿದ್ದರು?

ಬೆಟ್ಟದ ಹುಲ್ಲು:

ಒಂದು ಪ್ರಶ್ನೆ ಉಳಿದಿದೆ. ಲ್ಯೂ ಬು ಕಡೆಯಿಂದ ನೋಡಿದೆವು. ಗಾವ್ ಶುನ್ ಯಾಕೆ ಉಳಿದ? ನಮ್ಮ ಕಡೆ ಆಗಿದ್ದರೆ ಜೋಳವಾಳಿ, ಉಪ್ಪಿನ ಋಣ ಅಂತ ಹೇಳಿ ವೀರಗಲ್ಲು ನೆಡುತ್ತಿದ್ದರು.

ತಾಳೆಗರಿ:

ಜೋಳವಾಳಿಗೆ ಒಡೆಯ ಜೋಳ ಕೊಡಬೇಕು, ಆಳು ಋಣ ತೀರಿಸಬೇಕು. ಇಲ್ಲಿ ಒಡೆಯ ಕೊಟ್ಟದ್ದನ್ನೂ ವಾಪಸು ಕಿತ್ತುಕೊಂಡಿದ್ದಾನೆ. ಇನ್ನೊಂದು ಮಾತು: ಆ ಕಾಲದಲ್ಲಿ ಪಕ್ಷ ಬದಲಿಸುವುದು ದೊಡ್ಡ ಕಳಂಕವೂ ಆಗಿರಲಿಲ್ಲ. ಝಾಂಗ್ ಲಿಯಾವ್ ದಿಂಗ್ ಯುವಾನ್, ಹೆ ಜಿನ್, ದೋಂಗ್ ಝುವೋ, ಲ್ಯೂ ಬು ಇಷ್ಟು ಜನರ ಕೈಕೆಳಗೆ ಇದ್ದು ತ್ಸಾವ್ ತ್ಸಾವ್ ಹತ್ತಿರ ಬಂದವನು. 215ರಲ್ಲಿ ಹೆಫೆಯ್‌ನಲ್ಲಿ 800 ಜನರನ್ನು ಆರಿಸಿಕೊಂಡು ದಕ್ಷಿಣದ ಪಾಳೇಗಾರ ಸುನ್ ಚುವಾನ್‌ನ ಮಹಾಸೈನ್ಯದ ನಡುವೆ ನುಗ್ಗಿ ಅಮರನಾದ. ಅವನನ್ನು ಯಾರೂ ದ್ರೋಹಿ ಅನ್ನುವುದಿಲ್ಲ.

ಸಂಪಿಗೆ:

ನನಗನ್ನಿಸುವುದು ಇಷ್ಟು. ಅವನು ನಿಷ್ಠನಾಗಿದ್ದದ್ದು ಲ್ಯೂ ಬುಗೆ ಅಂತ ನಾವು ಅಂದುಕೊಂಡಿದ್ದೇವೆ. ಆ 700 ಜನರಿಗೂ ಇರಬಹುದಲ್ಲ? ಅವನು ಬಿಟ್ಟು ಹೋಗಿದ್ದರೆ ಕದನದ ದಿನ ಅವರನ್ನು ವೆಯ್ ಶು ನಡೆಸುತ್ತಿದ್ದ.

ಹುಬ್ಬಳ್ಳಿ ಹೈದ:

ಅಕ್ಕಾರ, ಇದು ಬಲು ಚಂದ ಹೇಳಿದ್ರಿ.

ಕಡಲ ಕಾಗೆ:

ಚಂದ ಇದೆ, ಆಧಾರ ಇಲ್ಲ. ಗ್ರಂಥದಲ್ಲಿ ಇರುವುದು "ಕೊನೆಯವರೆಗೂ ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳಲಿಲ್ಲ" ಅಂತ ಮಾತ್ರ. ಅದನ್ನೂ ನಾನು ಸ್ವಲ್ಪ ಉಪ್ಪು ಹಾಕಿಯೇ ತಿನ್ನುತ್ತೇನೆ. ಬರೆದ ವಾಂಗ್ ತ್ಸಾನ್ 208ರಲ್ಲಿ ತ್ಸಾವ್ ತ್ಸಾವ್ ಕಡೆ ಸೇರಿದವನು. ಸೋತ ಲ್ಯೂ ಬುವನ್ನು ಸಣ್ಣವನನ್ನಾಗಿ ತೋರಿಸಬೇಕಾದರೆ ಅವನ ಪಕ್ಕದಲ್ಲಿ ಅವನು ಬಳಸಿಕೊಳ್ಳದ ಒಬ್ಬ ಸತ್ಪುರುಷನನ್ನು ನಿಲ್ಲಿಸುವುದು ಸುಲಭದ ದಾರಿ.

ತಾಳೆಗರಿ:

ಆ ಅನುಮಾನ ಸಲ್ಲುತ್ತೆ. ಆದರೆ ಸತ್ಪುರುಷನನ್ನು ಕಟ್ಟುವುದೇ ಉದ್ದೇಶವಾಗಿದ್ದರೆ ಏಳು ಸಾವಿರ, ಹತ್ತು ಸಾವಿರ ಅಂತ ಬರೆಯಬಹುದಿತ್ತು. "700 ಚಿಲ್ಲರೆ, ಹೇಳಿಕೊಳ್ಳೋದು ಸಾವಿರ" ಅನ್ನುವುದು ಹೊಗಳಿಕೆಯ ಲೆಕ್ಕ ಅಲ್ಲ, ಆ ದಂಡಿನ ಹಾಜರಿ ಕಂಡವರ ಲೆಕ್ಕ. ಲ್ಯೂ ಬು ಕಡೆಯಿಂದ ಬಂದ ಎಷ್ಟೋ ಜನ ತ್ಸಾವ್ ತ್ಸಾವ್ ಪಾಳೆಯದಲ್ಲೇ ಇದ್ದರು, ಅವರಿಂದ ಕೇಳಿರಬಹುದು.

ನಿರ್ವಾಹಕ:

ಚರ್ಚೆ ಚೆನ್ನಾಗಿದೆ. ಬೆಟ್ಟದ ಹುಲ್ಲು, ಇದನ್ನು ಕನ್ನಡ ವಿಕಿಪೀಡಿಯಕ್ಕೆ ಸಣ್ಣ ಲೇಖನ ಮಾಡ್ತೀನಿ ಅಂತ ಮೊನ್ನೆ ಹೇಳಿದ್ದಿರಿ. ಮಾಡಿ, ಆದರೆ ಕಾದಂಬರಿಯ ಭಾಗ ಬೇರೆ ಶೀರ್ಷಿಕೆಯ ಕೆಳಗೆ ಇರಲಿ.

ಬೆಟ್ಟದ ಹುಲ್ಲು:

ಮಾಡ್ತೀನಿ. ಸತ್ತ ವರ್ಷ 198 ಅಂತಲೇ ಹಾಕಲಾ? ಎಲ್ಲ ಕಡೆ ಹಾಗೇ ಇದೆ.

ತಾಳೆಗರಿ:

ಬೇಡ. ಕೋಟೆ ಬಿದ್ದದ್ದು ಜಿಯಾನ್-ಆನ್ ಶಕೆಯ 3ನೇ ವರ್ಷದ ಹನ್ನೆರಡನೇ ಮಾಸದಲ್ಲಿ. ಆ ವರ್ಷದ ಬಹುಪಾಲು 198ರಲ್ಲಿ ಬರುತ್ತೆ ನಿಜ, ಆದರೆ ಆ ಕೊನೆಯ ಮಾಸ ನಮ್ಮ ಲೆಕ್ಕಕ್ಕೆ 199ರ ಫೆಬ್ರವರಿಗೆ ಹೋಗಿ ಬೀಳುತ್ತೆ. 199 ಅಂತ ಹಾಕಿ, ಪಕ್ಕದಲ್ಲಿ ಚೀನೀ ವರ್ಷವನ್ನೂ ಬರೆಯಿರಿ. ಶಿಯಾವ್‌ಪೆಯ್ ಗೆಲುವಿಗೆ 198 ಹಾಗೇ ಇರಲಿ.